ಪ್ಲಗ್ ಇದೆ, ಕರೆಂಟ್ ಇದೆ, ಆದರೂ ಪೆಟ್ರೋಲ್ ವಾಸನೆ ಹೋಗಲಿಲ್ಲ

ನನ್ನದು 1971ರ ಡಾಟ್ಸನ್ 240ಜೆಡ್. ಅದರ ಕಾರ್ಬ್ಯುರೇಟರ್ ಎಂಜಿನ್ ತೆಗೆದು ಜಿಎಂ ಕಂಪನಿಯ 5.7 ಲೀಟರಿನ ಎಲ್‌ಎಸ್1 ಎಂಜಿನ್ ಕೂರಿಸಿದ್ದೇನೆ. ಅದಕ್ಕಾಗಿ ರೆಡಿಮೇಡ್ ವೈರಿಂಗ್ ಹಾರ್ನೆಸ್ (ಪ್ಲಗ್ ಸಮೇತ ವೈರ್‌ಗಳ ಕಟ್ಟು) ತರಿಸಿದೆ. ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ಪ್ರೋಗ್ರಾಂ ಹಾಕಿ ಕಳಿಸಿದವರೂ ಹಾರ್ನೆಸ್ ಮಾರಿದವರೇ. ಎಂಟು ತಿಂಗಳಿಂದ ಬಳಸುತ್ತಿದ್ದೇನೆ. ಇಗ್ನಿಷನ್, ಇಂಜೆಕ್ಟರ್, ಸೆನ್ಸರ್ ಇವೆಲ್ಲ ಮೊದಲ ದಿನದಿಂದಲೇ ಸರಿಯಾಗಿವೆ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಾನು ಹೇಳಬೇಕಿರುವುದು ಒಂದು ಸಣ್ಣ ಎರಡು ಪಿನ್ನಿನ ಪ್ಲಗ್ ಬಗ್ಗೆ. ಟ್ಯಾಂಕಿನ ಆವಿಯನ್ನು ಎಂಜಿನ್‌ಗೆ ಬಿಡುವ ಪರ್ಜ್ ವಾಲ್ವಿನ ಪ್ಲಗ್ ಅದು.

ಹಳೆ ಕಾರಿಗೆ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಟ್ಯಾಂಕಿನ ಆವಿಯನ್ನು ಸುಮ್ನೆ ಗಾಳಿಗೆ ಬಿಡಬಾರದು ಎಂದು ಕ್ಯಾಲಿಫೋರ್ನಿಯಾ 1970ರ ಮಾಡೆಲ್‌ಗಳಿಂದ, ಇಡೀ ಅಮೆರಿಕ 1971ರ ಮಾಡೆಲ್‌ಗಳಿಂದ ನಿಯಮ ಮಾಡಿತು. ಹಾಗಾಗಿ 240ಜೆಡ್‌ನಲ್ಲಿ ಮೊದಲೇ ಒಂದು ಏರ್ಪಾಡಿತ್ತು. ಹಿಂಬದಿಯ ಒಂದು ಸಣ್ಣ ಡಬ್ಬಿಗೆ ಆವಿ ಬಂದು, ಅಲ್ಲಿಂದ ಪೈಪಿನಲ್ಲಿ ಮುಂದೆ ಹೋಗಿ, ಎಂಜಿನ್ನಿನ ಕೆಳಭಾಗದ ಪೊಳ್ಳು, ಅಂದರೆ ಕ್ರ್ಯಾಂಕ್‌ಕೇಸ್‌ನಲ್ಲಿ ತಂಗುತ್ತಿತ್ತು. ಎಂಜಿನ್ ಓಡುವಾಗ ಅದು ಸುಟ್ಟುಹೋಗುತ್ತಿತ್ತು. ನಾನು ಎಂಜಿನ್ ತೆಗೆದಾಗ ಆವಿಗೆ ಇದ್ದ ಜಾಗವೂ ಅದರ ಜೊತೆಗೇ ಹೋಯಿತು. ಪೈಪಿನ ತುದಿ ಬಾಯಿ ತೆರೆದುಕೊಂಡು ಉಳಿಯಿತು. ಬಿಸಿಲಿಗೆ ನಿಲ್ಲಿಸಿದರೆ ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ. "ಅಪ್ಪಾ, ತಲೆ ನೋಯ್ತಿದೆ" ಎಂದು ಮಗಳು ಎರಡು ಸಲ ಅರ್ಧ ದಾರಿಯಲ್ಲೇ ಇಳಿದಿದ್ದಾಳೆ. ನನಗೆ ಈ ಕೆಲಸ ಅಷ್ಟು ಮುಖ್ಯವಾಗಿದ್ದು ಅದಕ್ಕೇ.

ಚಾರ್ಕೋಲ್ ಕ್ಯಾನಿಸ್ಟರ್ ಬೇರೆ ತಂದು ಕೂರಿಸಿದೆ. ಒಳಗಿನ ಇದ್ದಿಲು ಆವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಪರ್ಜ್ ವಾಲ್ವ್ ತೆರೆದಾಗ ಎಂಜಿನ್ನಿನ ಎಳೆತಕ್ಕೆ ಹೊರಗಿನ ಗಾಳಿ ಇದ್ದಿಲಿನ ಮೂಲಕ ನುಗ್ಗಿ ಆವಿಯನ್ನು ಎತ್ತಿಕೊಂಡು ಹೋಗುತ್ತದೆ. ವಾಲ್ವಿನ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು. ಪೈಪು ಇಂಧನಕ್ಕೂ ಅದರ ಆವಿಗೂ ಮಾಡಿದ್ದಾಗಿರಬೇಕು, ಎಸ್‌ಎಇ 30ಆರ್7 ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಕಂಡಕಂಡ ವ್ಯಾಕ್ಯೂಮ್ ಪೈಪ್ ಹಾಕಿದರೆ ಉಬ್ಬಿ ಸಡಿಲವಾಗುತ್ತದೆ.

ಈಗ ಹಾರ್ನೆಸ್ಸಿನ ಮಾತು. ಪ್ಲಗ್ಗಿನಲ್ಲಿ ಎರಡು ವೈರ್. ಗುಲಾಬಿ ಬಣ್ಣದ್ದು ಕೀ ಆನ್ ಮಾಡಿದಾಗ ಫ್ಯೂಸ್ ಮೂಲಕ 12 ವೋಲ್ಟ್ ಕೊಡುತ್ತದೆ. ಬಿಳಿ ಗೆರೆಯ ಕಡು ಹಸಿರು ವೈರ್ ಇಸಿಯುಗೆ ಹೋಗುತ್ತದೆ. ಇಸಿಯು ಅದನ್ನು ಪಟಪಟನೆ ಅರ್ತ್ ಮಾಡಿ ಬಿಟ್ಟು, ವಾಲ್ವ್ ಎಷ್ಟು ಹೊತ್ತು ತೆರೆದಿರಬೇಕು ಎಂದು ನಿರ್ಧರಿಸುತ್ತದೆ. ಬಣ್ಣಗಳು ಜಿಎಂ ಕಂಪನಿಯ ಮೂಲ ವೈರಿಂಗ್‌ನಂತೆಯೇ ಇವೆ, ಪ್ರತಿ ಪ್ಲಗ್ಗಿಗೂ ಹೆಸರಿನ ಚೀಟಿ ಇದೆ, ವೈರ್ ತುದಿಯ ಒತ್ತುಜೋಡಣೆ (ಕ್ರಿಂಪ್) ಒಂದೂ ಸಡಿಲವಿಲ್ಲ. ಇಷ್ಟು ಅಚ್ಚುಕಟ್ಟಾದ ಕೆಲಸ ನೋಡಿ ನಿಜಕ್ಕೂ ಖುಷಿಯಾಯಿತು.

ಆದರೆ ವಾಸನೆ ಹೋಗಲಿಲ್ಲ. ಎರಡು ವಾರ ಪೈಪುಗಳನ್ನೇ ಬಿಚ್ಚಿ ಹಾಕಿದೆ. ಪೆಟ್ರೋಲ್ ಮುಚ್ಚಳ ಬದಲಿಸಿದೆ. ಚೆಕ್ ಎಂಜಿನ್ ಲೈಟ್ ಇಲ್ಲ, ಇಸಿಯುನಲ್ಲಿ ದೋಷದ ಕೋಡ್ ಇಲ್ಲ. ವಾಲ್ವಿನ ಕಾಯಿಲ್ ಅಳೆದರೆ 24 ಓಮ್, ಅದೂ ಸರಿ. ಕೊನೆಗೆ ಸ್ಕ್ಯಾನರ್ ಹಾಕಿಕೊಂಡು ಒಂದು ಗಂಟೆ ಓಡಿಸಿದೆ. ಪರ್ಜ್ ಎಷ್ಟು ಎಂದು ತೋರಿಸುವ ಸಾಲಿನಲ್ಲಿ ಉದ್ದಕ್ಕೂ ಶೂನ್ಯ. ಎಂಜಿನ್ ಬಿಸಿಯಾಗಿ ಒಂದೇ ವೇಗದಲ್ಲಿ ಓಡುವಾಗಲಾದರೂ ಅದು ಏರಬೇಕಿತ್ತು. ವೈರ್ ಇದೆ, ವಾಲ್ವ್ ಇದೆ, ಆದರೆ ತೆರೆ ಎಂದು ಹೇಳುವವರೇ ಇಲ್ಲ! ಸರ್ಕ್ಯೂಟ್ ತುಂಡಾಗಿದ್ದರೆ ಪರ್ಜ್ ಸರ್ಕ್ಯೂಟ್ ದೋಷದ ಕೋಡ್ ಪಿ0443 ಬರುತ್ತಿತ್ತೇನೋ. ತುಂಡಾಗಿರಲಿಲ್ಲವಲ್ಲ, ಹಾಗಾಗಿ ಯಾವ ಸುಳಿವೂ ಸಿಗಲಿಲ್ಲ.

ಮಾರಿದವರಿಗೆ ಬರೆದೆ. ಎಂಜಿನ್ ಬದಲಿಸುವವರಲ್ಲಿ ಹೆಚ್ಚಿನವರು ಇದನ್ನು ಬಳಸುವುದಿಲ್ಲ, ಅದಕ್ಕೆ ಪ್ರೋಗ್ರಾಂನಲ್ಲಿ ಪರ್ಜ್ ಆಫ್ ಮಾಡಿಯೇ ಕಳಿಸುತ್ತೇವೆ ಎಂದರು. ಎರಡನೇ ದಿನವೇ ಹೊಸ ಫೈಲ್ ಕಳಿಸಿದರು. ಅದಕ್ಕೆ ದುಡ್ಡು ಕೇಳಲಿಲ್ಲ. ಆ ಮಟ್ಟಿಗೆ ಒಳ್ಳೆಯವರು. ಆದರೆ ಪ್ಲಗ್ಗಿಗೆ 'ಪರ್ಜ್' ಎಂದು ಚೀಟಿ ಅಂಟಿಸಿ, ಒಳಗೆ ಆಫ್ ಮಾಡಿ, ಕೈಪಿಡಿಯಲ್ಲಿ ಒಂದು ಸಾಲೂ ಬರೆಯದಿರುವುದು ತಪ್ಪು ಅಲ್ವಾ? ಈ ಒಂದು ವಿಷಯದಲ್ಲಿ ನನಗಿನ್ನೂ ಬೇಸರವಿದೆ. ಇದು ಪೆಟ್ರೋಲ್ ಆವಿ, ಬೆಂಕಿ ಹಿಡಿಯುವ ವಸ್ತು.

ಹೊಸ ಫೈಲ್ ಹಾಕಿದ ಮೇಲೆ ಎಂಜಿನ್ ಬಿಸಿಯಾಗುತ್ತಿದ್ದಂತೆ ಪರ್ಜ್ ನಿಧಾನವಾಗಿ ಏರಿತು. ವಾಲ್ವಿನ ಮೇಲೆ ಬೆರಳಿಟ್ಟರೆ ಟಿಕ್ ಟಿಕ್ ಎಂದು ಗೊತ್ತಾಗುತ್ತದೆ. ಐಡಲ್ ಏರುಪೇರಾಗಲಿಲ್ಲ. ಟ್ಯಾಂಕ್ ತುಂಬಿಸಿದ ತಕ್ಷಣ ಸ್ಟಾರ್ಟ್ ಮಾಡಿದರೂ ತೊಂದರೆಯಿಲ್ಲ. ವಾಲ್ವ್ ತೆರೆದೇ ಸಿಕ್ಕಿಕೊಂಡಿದ್ದರೆ ಆ ಹೊತ್ತಿಗೇ ಸ್ಟಾರ್ಟ್ ಆಗಲು ಸತಾಯಿಸುತ್ತದೆ. ಮೂರನೇ ದಿನಕ್ಕೆ ಕಾರಿನೊಳಗಿನ ವಾಸನೆ ಪೂರ್ತಿ ಹೋಯಿತು.

ಪರೀಕ್ಷೆ ಮಾಡುವವರಿಗೆ ಒಂದು ಮಾತು. ಹಸಿರು ವೈರಿಗೆ ಬ್ಯಾಟರಿಯಿಂದ ನೇರವಾಗಿ 12 ವೋಲ್ಟ್ ಕೊಡಬೇಡಿ, ಇಸಿಯು ಒಳಗಿನ ಡ್ರೈವರ್ ಸುಟ್ಟೀತು. ಬ್ಯಾಟರಿಯ ಪ್ಲಸ್‌ಗೂ ಆ ವೈರಿಗೂ ನಡುವೆ ಎಲ್‌ಇಡಿ ಟೆಸ್ಟ್ ಲೈಟ್ ಹಿಡಿಯಿರಿ. ಮಿನುಗಿದರೆ ಇಸಿಯು ಕೆಲಸ ಮಾಡುತ್ತಿದೆ ಎಂದರ್ಥ.

ಇನ್ನೊಂದು ಕೊರತೆ. ಆವಿ ಎಲ್ಲಾದರೂ ಸೋರುತ್ತಿದೆಯೇ ಎಂದು ಇಸಿಯು ನೋಡುವ ಲೀಕ್ ಪರೀಕ್ಷೆಗೆ ಬೇಕಾದ ವೈರ್‌ಗಳು ಈ ಹಾರ್ನೆಸ್ಸಿನಲ್ಲಿ ಇಲ್ಲವೇ ಇಲ್ಲ. ಟ್ಯಾಂಕಿನ ಒತ್ತಡದ ಸೆನ್ಸರ್‌ಗೆ ಮೂರು, ಕ್ಯಾನಿಸ್ಟರಿನ ಗಾಳಿ ಬಾಯಿ ಮುಚ್ಚುವ ವೆಂಟ್ ವಾಲ್ವಿಗೆ ಎರಡು ಬೇಕು. ನನ್ನ ಕ್ಯಾನಿಸ್ಟರಿನ ಗಾಳಿ ಬಾಯಿ ಫಿಲ್ಟರ್ ಹಾಕಿಕೊಂಡು ಸದಾ ತೆರೆದಿರುತ್ತದೆ, ನನಗೆ ಅಷ್ಟು ಸಾಕು. ನಿಮ್ಮಲ್ಲಿ ವಾಹನ ಮಾಲಿನ್ಯ ತಪಾಸಣೆ ಬಿಗಿಯಾಗಿದ್ದರೆ ಕೊಳ್ಳುವ ಮೊದಲೇ ಕೇಳಿ. ಫೈಲಿನಲ್ಲಿ ಪರ್ಜ್ ಆನ್ ಇದೆಯಾ ಎಂಬುದನ್ನೂ ಕೇಳಿ, ಬರಹದಲ್ಲಿ ಉತ್ತರ ಪಡೆಯಿರಿ.

ಈ ಹಾರ್ನೆಸ್ಸಿಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಭಾನುವಾರ ಮಗಳು ಕಿಟಕಿ ಮುಚ್ಚಿಕೊಂಡು ಪೂರ್ತಿ ದಾರಿ ನಿದ್ದೆ ಮಾಡಿದಳು.