ಬ್ಯೋಕ್ಲಿನ್‌ನ ‘ಸತ್ತವರ ದ್ವೀಪ’: ಹತ್ತಿ ಕಾಗದವೇ, ಕ್ಯಾನ್ವಾಸೇ, ಪೋಸ್ಟರೇ?

‘ಸತ್ತವರ ದ್ವೀಪ’ ಚಿತ್ರದ ಮುದ್ರಿತ ಪ್ರತಿಯನ್ನು ಗೋಡೆಗೆ ಹಾಕುವುದಾದರೆ, ಮುದ್ರಣ ಯಾವುದರ ಮೇಲೆ ಎನ್ನುವುದಕ್ಕಿಂತ ಮೊದಲು ಯಾವ ದ್ವೀಪ ಎಂದು ತೀರ್ಮಾನಿಸಿ. ಸ್ವಿಸ್ ಚಿತ್ರಕಾರ ಅರ್ನಾಲ್ಡ್ ಬ್ಯೋಕ್ಲಿನ್ 1880ರಿಂದ 1886ರ ನಡುವೆ ಇದನ್ನು ಐದು ಬಾರಿ ಚಿತ್ರಿಸಿದ. ಒಂದು ಎರಡನೆಯ ಮಹಾಯುದ್ಧದಲ್ಲಿ ನಾಶವಾಯಿತು. ಬಾಸೆಲ್‌ನಲ್ಲಿರುವ ಮೊದಲನೆಯದು ಮಬ್ಬುಗತ್ತಲಿನದು, ಬರ್ಲಿನ್‌ನ 1883ರ ಚಿತ್ರದಲ್ಲಿ ಬೆಳಕು ಹೆಚ್ಚು. ಬೆಳಕು ಕಡಿಮೆಯಿರುವ ಕೋಣೆಗೆ ನಾನು ಬರ್ಲಿನ್‌ನದನ್ನೇ ಹೇಳುತ್ತೇನೆ.

ಈ ಚಿತ್ರದ ಜೀವ ಇರುವುದು ನಡುವಿನ ಸೈಪ್ರೆಸ್ ಮರಗಳ ಕತ್ತಲಿನಲ್ಲಿ. ಅಗ್ಗದ ಪೋಸ್ಟರಿನಲ್ಲಿ ಅದು ಬರಿಯ ಕಪ್ಪು ಮುದ್ದೆಯಾಗಿಬಿಡುವುದುಂಟು. ಹತ್ತಿ ಕಾಗದದ ಮೇಲೆ ಪಿಗ್ಮೆಂಟ್ ಶಾಯಿಯಲ್ಲಿ (ಬಣ್ಣದ ಸೂಕ್ಷ್ಮ ಕಣಗಳಿರುವ ಶಾಯಿ) ಚೆನ್ನಾಗಿ ಮುದ್ರಿಸಿದರೆ ಹಸಿರು ಮತ್ತು ಕಂದು ಬೇರೆಬೇರೆಯಾಗಿ ಕಾಣುತ್ತವೆ, ದೋಣಿಯಲ್ಲಿ ನಿಂತ ಬಿಳಿಯುಡುಗೆಯ ಆಕೃತಿಯೂ ಚೂಪಾಗಿರುತ್ತದೆ. ಕ್ಯಾನ್ವಾಸಿನ ನೇಯ್ಗೆ ಸಣ್ಣ ಅಳತೆಯಲ್ಲಿ ಆ ಆಕೃತಿಯನ್ನೇ ನುಂಗುತ್ತದೆ. ಅಗಲ ಮೂರು ಅಡಿ ದಾಟಿದರೆ ತೊಂದರೆಯಿಲ್ಲ.

ಖರ್ಚಿನಲ್ಲಿ ಪೋಸ್ಟರ್ ಎಲ್ಲಕ್ಕಿಂತ ಅಗ್ಗ. ಹತ್ತಿ ಕಾಗದಕ್ಕೆ ಚೌಕಟ್ಟು, ಗಾಜು ಬೇಕೇ ಬೇಕು. ಕೆಲವೊಮ್ಮೆ ಅವೇ ಮುದ್ರಣಕ್ಕಿಂತ ದುಬಾರಿ. ಇಂಥ ಗಾಢ ಚಿತ್ರದ ಮೇಲೆ ಸಾದಾ ಗಾಜು ಹಾಕಿದರೆ ಕಿಟಕಿಯೇ ಕಾಣುತ್ತದೆ, ಆದ್ದರಿಂದ ಪ್ರತಿಫಲಿಸದ ಗಾಜಿಗೆ ಹಣ ತೆಗೆದಿಡಿ. ಕಿಟಕಿಯ ಎದುರುಗೋಡೆಯಾದರೆ ಗಾಜು ಬೇಡದ ಕ್ಯಾನ್ವಾಸ್ ಒಳ್ಳೆಯದು. ವಾರ್ನಿಷ್ ಇದ್ದರೆ ಧೂಳು ಒರೆಸುವುದೂ ಸುಲಭ.

ಬಾಡಿಗೆ ಮನೆ ಬದಲಿಸುತ್ತಿರುವವರು ಪೋಸ್ಟರನ್ನೇ ತೆಗೆದುಕೊಳ್ಳಲಿ. ಹತ್ತಿರ ಕುಳಿತು ದಿನವೂ ನೋಡುವವರಿಗೆ ಹತ್ತಿ ಕಾಗದ. ಯಾವುದನ್ನು ಆರಿಸಿದರೂ ನೇರ ಬಿಸಿಲು ಬೀಳುವ ಗೋಡೆ ಬೇಡ.