ಗಲ್ಲಾಪೆಟ್ಟಿಗೆಗೆ ಯಾವ ಚಿಲ್ಲರೆ: ದಪ್ಪ ಐದೋ, ಹತ್ತೋ, ಇಪ್ಪತ್ತೋ?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಗಿರ್ಮಿಟ್ ಮಾರುವವರಿಗೆ 1,000 ರೂಪಾಯಿ ಚಿಲ್ಲರೆ ಬೇಕೆನ್ನಿ. ಹಳೇ ದಪ್ಪ ಐದರ ನಾಣ್ಯ ತಲಾ 9 ಗ್ರಾಂ. 200 ನಾಣ್ಯಕ್ಕೆ 1.8 ಕಿಲೋ! ಮುಂದೆ ಅದನ್ನು 6 ಗ್ರಾಮಿಗೆ ಇಳಿಸಿದರು. ಹತ್ತರದು 7.71 ಗ್ರಾಂ, 100ಕ್ಕೆ 771 ಗ್ರಾಂ. ಇಪ್ಪತ್ತರದು 8.54 ಗ್ರಾಂ, 50 ಸಾಕು, 427 ಗ್ರಾಂ.

ಭಾರದಲ್ಲಿ ಇಪ್ಪತ್ತೇ ಮೇಲು. ತೊಡಕೆಂದರೆ, ಹತ್ತೂ ಇಪ್ಪತ್ತೂ 27 ಮಿಲಿಮೀಟರ್, ಎರಡಕ್ಕೂ ಎರಡೆರಡು ಬಣ್ಣ. ಸಂಜೆ ಗದ್ದಲದಲ್ಲಿ ಕೈ ತಪ್ಪುತ್ತದೆ. ಹತ್ತಕ್ಕೆ ಹೊರಬಳೆ ಹಳದಿ, ನಡುವೆ ಬಿಳಿ. ಇಪ್ಪತ್ತರಲ್ಲಿ ಅದು ಉಲ್ಟಾ, ಅಂಚಿಗೆ 12 ಮೂಲೆ. ಬೇರೆ ಬೇರೆ ಡಬ್ಬಿ ಇಡಿ.

ಹತ್ತರ ನೋಟು ಸಿಗುತ್ತಿರುವವರೆಗೆ ಗಿರಾಕಿ ಕಿಸೆ ಭಾರ ಮಾಡಿಕೊಳ್ಳುವುದಿಲ್ಲ: ನೋಟು ಉಳಿಸಿಕೊಂಡು ನಾಣ್ಯ ನಿಮಗೆ ದಾಟಿಸುತ್ತಾನೆ, ವಾಪಸ್ ಕೊಟ್ಟರೆ ಮುಖ ಸಿಂಡರಿಸುತ್ತಾನೆ. ರೂಪಾಯಿ ಚಿಹ್ನೆ ಇಲ್ಲದ ಹತ್ತೂ ಚಲಾವಣೆಯದೇ, ತಗೊಳ್ಳಿ.