ಬೀದರ್ ಕಡೆ ಹಳೆ ರೋಡ್ ಬೈಕ್ ಕೊಳ್ಳೋರು, ಮುಂದಿನ ಹಲ್ಲು ಎಣಿಸದೆ ದುಡ್ಡು ಕೊಡಬೇಡಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆದರೆ ಸಹಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ರೋಡ್ ಬೈಕೋ (ಮೋಟಾರ್ ಅಲ್ಲ, ರೇಸ್ ಸೈಕಲ್) ಟ್ರಯಥ್ಲಾನ್ ಬೈಕೋ (ಈಜು, ಸೈಕಲ್, ಓಟ ಮೂರೂ ಇರೋ ಪೈಪೋಟಿಯದು) ಮಾರುವವನು "ಗೇರ್ ಆಮ್ಯಾಲ ಬದಲಿ ಮಾಡೋಣ ಬಿಡ್ರಿ" ಅಂದರೆ ಅಲ್ಲಿಂದ ಎದ್ದು ಬನ್ನಿ.

ಇಂಥದ್ದೊಂದು ಕೊಳ್ಳುವಾಗ ಮಾರುವವನಿಗೆ ನಾನು ಕೇಳಿದ್ದು ಒಂದೇ ಒಂದು. ಮುಂದೆ 50-34 ಇರಬೇಕು, ಅಂದರೆ ದೊಡ್ಡ ರಿಂಗಿಗೆ 50 ಹಲ್ಲು, ಸಣ್ಣದಕ್ಕೆ 34; ಹಿಂದಿನ ಅತಿ ದೊಡ್ಡ ಹಲ್ಲುಚಕ್ರಕ್ಕೆ 28 ಆದರೂ ಇರಬೇಕು. ಮುಂದೆ ಹಲ್ಲು ಕಡಿಮೆ, ಹಿಂದೆ ಜಾಸ್ತಿ ಇದ್ದಷ್ಟೂ ಏರು ಹಗುರ. ಮಾಂಜ್ರಾ ನದಿ ಕಡೆಯಿಂದ ಬೀದರ್‌ಗೆ ವಾಪಸ್ ಹತ್ತಿ ಬರೋರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ವಾಟ್ಸ್ಯಾಪ್‌ನಲ್ಲಿ ಉತ್ತರ ಬಂತು: "50-34 ಅದ ರೀ ಸರ್, ಪಕ್ಕಾ." ಆ ಮೆಸೇಜ್ ಇನ್ನೂ ನನ್ನ ಹತ್ತಿರ ಇದೆ. 38,000 ಎಣಿಸಿ ಕೊಟ್ಟೆ.

ಮೊದಲ ಏರಿನಲ್ಲೇ ಮಂಡಿ ಹಿಡಿಯಿತು. ಸಣ್ಣ ಗೇರ್‌ಗೆ ಹಾಕಿದರೂ ಪೆಡಲ್ ತಿರುಗಲ್ಲ. ಮನೆಗೆ ಬಂದು ಸೀಮೆಎಣ್ಣೆ ಬಟ್ಟೆಯಿಂದ ಕ್ರ್ಯಾಂಕ್ (ಪೆಡಲ್ ತೋಳು, ಮುಂದಿನ ರಿಂಗ್ ಕೂರೋ ಭಾಗ) ಒರೆಸಿದೆ. ಕಪ್ಪು ಜಿಡ್ಡು ಮೇಣದ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದೆ. ಕೆಳಗಿಂದ ಅಂಕಿ ಎದ್ದು ಬಂತು: 53. ಒಳಗಿನ ರಿಂಗ್ ಮೇಲೆ 39. ಹಿಂದೆ ಹಲ್ಲು ಎಣಿಸಿದರೆ 25. ಮೂರಕ್ಕೆ ಮೂರೂ ಸುಳ್ಳು! ಮೈಯೆಲ್ಲ ಉರಿಯಿತು. ತಮ್ಮ ಪಕ್ಕದಲ್ಲೇ ನಿಂತು ನಗುತ್ತಿದ್ದ, ಅದು ಬೇರೆ.

ಫೋನ್ ಮಾಡಿದೆ. "ಐದೇ ಹಲ್ಲು ಜಾಸ್ತಿ ರೀ ಸರ್, ಏನೂ ಗೊತ್ತಾಗಂಗಿಲ್ಲ." ಗೊತ್ತಾಗಲ್ವಾ? 34ಕ್ಕೆ 28 ಇದ್ದರೆ ಪೆಡಲ್ ಒಂದು ಸುತ್ತಿಗೆ ಚಕ್ರ 1.21 ಸುತ್ತು. 39ಕ್ಕೆ 25 ಅಂದರೆ 1.56. ಕಾಲು ಭಾಗಕ್ಕಿಂತ ಜಾಸ್ತಿ ಭಾರ, ಅದೂ ಏರಿನಲ್ಲಿ, ಬಿಸಿಲಲ್ಲಿ.

ಆಮೇಲೆ ರಾಗ ಬದಲಾಯಿತು. "ಟ್ರಯಥ್ಲಾನ್ ಬೈಕಿಗೆ ಹಿಂಗೇ ಇರ್ತದ ರೀ. ಸ್ಪೀಡ್ ಬೇಕಲ್ಲ?" ಯಾವ ಸ್ಪೀಡ್ ಸ್ವಾಮಿ? ಮುಂದೆ 50, ಹಿಂದೆ 11 ಹಲ್ಲಿಗೆ ಹಾಕಿ ನಿಮಿಷಕ್ಕೆ 90 ಸುತ್ತು ತುಳಿದರೇ ಗಂಟೆಗೆ 51 ಕಿ.ಮೀ. ದಾಟುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅದೇ ಜಾಸ್ತಿ.

ಕೊನೆಗೆ, "34ರ ರಿಂಗ್ ತರಿಸಿ ಹಾಕ್ಕೋರಿ, ಬೋಲ್ಟ್ ಬಿಚ್ಚೋದು, ಹಾಕೋದು." ತರಿಸಿದೆ. ಕೂರಲೇ ಇಲ್ಲ! ಬೋಲ್ಟ್ ತೂತುಗಳೇ ಬೇರೆ ಜಾಗದಲ್ಲಿ. ನನ್ನದು 5 ಬೋಲ್ಟಿನ ಹಳೆ ಕ್ರ್ಯಾಂಕ್, ಬೋಲ್ಟ್‌ಗಳು ಕೂರೋ ವೃತ್ತದ ವ್ಯಾಸ 130 ಮಿ.ಮೀ. ಅದಕ್ಕೆ 38ಕ್ಕಿಂತ ಸಣ್ಣ ರಿಂಗ್ ಕೂರುವುದೇ ಇಲ್ಲ. 34 ಬೇಕಾದರೆ 110ರ ಕ್ರ್ಯಾಂಕ್ ಬೇಕು, ಅಂದರೆ ಇಡೀ ಕ್ರ್ಯಾಂಕೇ ಹೊಸದು. ಈಗಿನ 4 ಬೋಲ್ಟಿನ ಶಿಮಾನೋದಲ್ಲಿ ದೊಡ್ಡದು ಸಣ್ಣದು ಎಲ್ಲಕ್ಕೂ 110 ಒಂದೇ, ಅಲ್ಲಿ ಅವನ ಮಾತು ನಡೀತಿತ್ತು. ದಿನಾ ಬೈಕ್ ಬಿಚ್ಚೋನಿಗೆ ಇಷ್ಟು ಗೊತ್ತಿರಲ್ವಾ?

ಅದಕ್ಕೂ ಉತ್ತರ ಸಿದ್ಧ. "ಹಂಗಾದ್ರ ಹಿಂದ 32ರ ಕ್ಯಾಸೆಟ್ ಹಾಕಿಸ್ರಿ." ಕ್ಯಾಸೆಟ್ ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು. ಆದರೆ ನನ್ನ ಹಿಂದಿನ ಡಿರೇಲರ್ (ಚೈನನ್ನು ಗೇರಿನಿಂದ ಗೇರಿಗೆ ದಾಟಿಸೋದು) ಗಿಡ್ಡ ಕೇಜಿನದು, ಅಂದರೆ ಚೈನ್ ಎಳೆದಿಡೋ ತೋಳು ಗಿಡ್ಡ, 32 ಹಿಡಿಯಲ್ಲ. ಉದ್ದ ಕೇಜಿನ ಡಿರೇಲರ್ ಬೇಕು, ಉದ್ದದ ಚೈನ್ ಬೇಕು. ಖರ್ಚು ಯಾರದು ಅಂದೆ. "ನಿಮ್ದೇ ರೀ ಸರ್. ನೀವು ನೋಡಿನೇ ತಗೊಂಡೀರಲ್ಲ?"

ನೋಡಿನೇ ತಗೊಂಡೀರಲ್ಲ! ಅಂಕಿ ಮೇಲೆ ಜಿಡ್ಡು ಮೆತ್ತಿದ ಬೈಕ್ ಕೊಟ್ಟು, ಪಕ್ಕಾ ಅಂತ ಬರೆದುಕೊಟ್ಟು, ಈಗ ಈ ಮಾತು. ಅವನ 50-34 ಮೆಸೇಜನ್ನೇ ಅವನಿಗೆ ವಾಪಸ್ ಕಳಿಸಿದೆ. ನೀಲಿ ಟಿಕ್ ಬಂತು. ಉತ್ತರ ಬರಲಿಲ್ಲ, ಫೋನೂ ಎತ್ತುತ್ತಿಲ್ಲ.

ನೀವು ಹೋದರೆ ಮೊದಲು ಕ್ರ್ಯಾಂಕ್ ಒರೆಸೋಕೆ ಹೇಳಿ, ಅಂಕಿಯ ಫೋಟೋ ತೆಗೆಯಿರಿ. ಒರೆಸಲ್ಲ ಅಂದರೆ ಅಲ್ಲೇ ಅರ್ಥ ಮಾಡ್ಕೊಳ್ಳಿ. ಅಂಕಿ ಇಲ್ಲದಿದ್ದರೆ ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿ. 5 ಬೋಲ್ಟಿನದಾದರೆ ಸ್ಕೇಲ್ ಒಯ್ಯಿರಿ. ಅಕ್ಕಪಕ್ಕದ ಎರಡು ಬೋಲ್ಟ್ ನಡುವೆ, ಮಧ್ಯದಿಂದ ಮಧ್ಯಕ್ಕೆ, ಸುಮಾರು 65 ಮಿ.ಮೀ. ಬಂದರೆ 110, 76 ಬಂದರೆ 130. ಅವನ ಎದುರಿಗೇ ಅಳೆಯಿರಿ, ಮುಖ ನೋಡ್ತಾ.

ಅಂದಹಾಗೆ, 110ರ 34 ಹಲ್ಲಿನ ರಿಂಗ್ ಒಂದು ನನ್ನ ಹತ್ತಿರ ಸುಮ್ನೆ ಬಿದ್ದಿದೆ, ಒಂದು ಕಿಲೋಮೀಟರೂ ಓಡಿಲ್ಲ. ಬೀದರ್, ಭಾಲ್ಕಿ, ಹುಮನಾಬಾದ್ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ. ನಿಮ್ಮ ಬೋಲ್ಟ್ ಅಳೆದುಕೊಂಡೇ ಬನ್ನಿ.